ನರಳದ ಗಣಪಿ

ಯಲ್ಲಾಪುರದ ಕಾಡಂಚಿನ ಹಂಚಿನ ಮಾಡಿನಡಿ ಪೂಜ್ಯ ನಿರಂಜನಮ್ಮನವರು ಸಾಯುವವರ ಸೇವೆ ಮಾಡುತ್ತಿದ್ದ ಕಾಲವದು. ತಾಯಿಯವರ ಆಸ್ತಿಯೆಂದರೆ ಎರಡು ಸೀರೆ, ಒಂದು ತಂಬಿಗೆ. ಕೊನೆಯುಸಿರಿನವರ ಬಾಯಿಗೆ ಆ ತಂಬಿಗೆಯ ನೀರನ್ನು ತಾವೇ ಬಿಡುತ್ತಿದ್ದರು.

ಔಷಧೋಪಚಾರ ವಾಮನರಾಯರದು. ಪೇಟೆಯ ದೊಡ್ಡ ಡಾಕ್ಟರು, ಪುಕ್ಕಟೆ ಬರುತ್ತಿದ್ದರು. ಕೆಟ್ಟವರೆಂದು ಯಾರು ಹೇಳಿಯಾರು? ಪವಾಡವೆಂದರೆ ಮಾತ್ರ ಮೂಗು ಮುರಿಯುವವರು. ಆ ವರ್ಷ ಹೊಟ್ಟೆಯ ಕ್ಯಾನ್ಸರಾಗಿ ಸಿದ್ದಿ ಜನರ ಕೇರಿಯ ಮುದುಕಿ ಗಣಪಿ ಬಂದು ಮಲಗಿದಳು. ಪಕ್ಕದ ಮಂಚದ ಸಾಹುಕಾರಜ್ಜ ಅಯ್ಯೋ ಎಂದರೆ ಸಾಕು, ನೋವು ಮರೆಸುವ ಮಾರ್ಫಿನ್ ಬರುತ್ತಿತ್ತು. ಗಣಪಿ ತುಟಿ ಬಿಚ್ಚಲಿಲ್ಲ. ಅವಳಿಗೆ ಜ್ವರದ ಮಾತ್ರೆ.

“ಸಿದ್ದಿಗಳದ್ದು ಕಾಡಿನ ಮೈ, ಅಮ್ಮಾ. ನಮ್ಮಷ್ಟು ನೋವಾಗೋದಿಲ್ಲ. ಒಂದು ಸಲವಾದರೂ ನರಳಿದ್ದಾಳಾ, ನೋಡಿ?” ಎಂದರು ರಾಯರು. ಓದಿದವರ ಬಾಯಲ್ಲಿ ಇಂಥ ಮಾತು!

ದೀಪ ಹಚ್ಚುವ ಹೊತ್ತು. ತಾಯಿಯವರು ಒಂದು ಕೈಯಲ್ಲಿ ಗಣಪಿಯ ಕೈ, ಇನ್ನೊಂದರಲ್ಲಿ ರಾಯರ ಕೈ ಹಿಡಿದು ಕುಳಿತರು. ಹೊರಗೆ ಜೀರುಂಡೆಗಳ ಸದ್ದು ಒಮ್ಮೆಲೇ ನಿಂತಿತು. ಕೋಣೆಯಲ್ಲಿ ಹೆಣ್ಣುದನಿಯ ನರಳಿಕೆಯೊಂದು ಎದ್ದಿತು: “ಅವ್ವಾ, ಕರುಳು ಕಿತ್ತು ಬರ್ತದೆ...”

ರಾಯರು ಗಣಪಿಯತ್ತ ನೋಡಿದರು. ಅವಳ ತುಟಿ ಮುಚ್ಚಿಯೇ ಇತ್ತು. ಸಾಹುಕಾರಜ್ಜ ಎದ್ದು ಕುಳಿತು ರಾಯರನ್ನೇ ದಿಟ್ಟಿಸುತ್ತಿದ್ದ. ಆ ದನಿ ಬರುತ್ತಿದ್ದುದು ರಾಯರ ಗಂಟಲಿನಿಂದ! ಬಾಯಿ ಮುಚ್ಚಲು ಹೋದರೆ ಅವರಿಂದಾಗಲಿಲ್ಲ.

ತಾಯಿಯವರು ಕೈ ಬಿಟ್ಟರು. “ಇದು ಅವಳ ಒಂದೇ ಉಸಿರಿನ ನೋವು, ರಾಯರೇ,” ಎಂದರು.

ರಾಯರು ಬೆವರಿ ತೊಪ್ಪೆಯಾಗಿದ್ದರು. ಗಣಪಿಗೆ ಮಾರ್ಫಿನ್ ಕೊಟ್ಟು, “ಯಾಕೆ ಹೇಳಲಿಲ್ಲ?” ಎಂದರು.

“ದುಡಿಯೋ ಮನೇಲಿ ನನ್ನವ್ವ ಕಾಯಿಲೆ ಬಿದ್ದು ನರಳಿದ್ಳು. ನಿದ್ದೆ ಕೆಡ್ತದೆ ಅಂತ ಕೊಟ್ಟಿಗೆಗೆ ಹಾಕಿದ್ರು. ಅಲ್ಲೇ ಸತ್ಲು. ನರಳಿದ್ರೆ ನೀವೂ ಹೊರಗೆ ಹಾಕ್ತೀರಿ ಅಂತ ಸುಮ್ಮನಿದ್ದೆ.” ರಾಯರ ಮುಖ ನೋಡಿ ಕೇಳಿದಳು: “ಈಗ ನರಳ್ಲಾ ಒಡೆಯಾ?”

ರಾಯರು ಮಂಚದ ಬಳಿ ನೆಲದಲ್ಲೇ ಕುಳಿತರು. “ನರಳಿ ತಾಯೀ,” ಎನ್ನುವಷ್ಟರಲ್ಲಿ ಅವರಿಗೆ ಅಳು ಬಂತು.

ಕೆಲವು ದಿನಗಳಲ್ಲಿ ಗಣಪಿ ನೋವಿಲ್ಲದೆ ಕಣ್ಮುಚ್ಚಿದಳು. ತಾಯಿಯವರು ಆ ದಿನ ತಂಬಿಗೆಯನ್ನು ರಾಯರ ಕೈಗಿತ್ತರು. ಕೊನೆಯ ನೀರು ಬಿಟ್ಟವರು ಅವರೇ.

ಅಂದಿನಿಂದ ಯಾರೇ ಬಂದು ಬಾಯಿ ಬಿಡದೆ ಮಲಗಲಿ, ರಾಯರು ಮೊದಲು ಅವರ ಕೈ ಹಿಡಿದು ಕೂರುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೋಣೆಯಲ್ಲಿ ನರಳಿಕೆ ಕೇಳಿಸುತ್ತಿತ್ತು. ಅದು ಯಾರ ಗಂಟಲಿನದೆಂದು ಅಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ.