ಎಡದೆತ್ತು

ಯಾವ ಕೆಲಸಕ್ಕೆ ಕೈಹಾಕುವ ಮೊದಲೂ ಲೂರ್ದು ಒಮ್ಮೆ ಗಡಿಯಾರ ನೋಡಿಕೊಳ್ಳುತ್ತಿದ್ದ. ಪ್ರಾರ್ಥನೆಯ ಗಂಟೆ ಎರಡು ನಿಮಿಷ ತಡವಾದರೂ ಅವನ ನಾಲಿಗೆ ಲೊಚ್ಚೆನ್ನುತ್ತಿತ್ತು.

ಹೊಳೆದಂಡೆಯ ಆ ಪುಟ್ಟ ಆಶ್ರಮಕ್ಕೆ ಅವನು ಪೇಟೆಯಿಂದ ಬಂದು ಆರು ತಿಂಗಳಾಗಿತ್ತು. ಯೇಸು ಸಾವಿನಿಂದ ಎದ್ದುಬಂದ ದಿನವಾದ ಪಾಸ್ಕ ಹಬ್ಬಕ್ಕೆ ಅವನಿಗೆ ಸನ್ಯಾಸ ದೀಕ್ಷೆ. ಅದಕ್ಕೇ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ನಲವತ್ತು ದಿನವೂ ಒಪ್ಪತ್ತೂಟ ಹಿಡಿದಿದ್ದ.

ಆ ಬೆಳಗ್ಗೆ ಗುರುಗಳಾದ ಚೌರಪ್ಪ ಸ್ವಾಮಿಗಳು ಹಾಸಿಗೆ ಹಿಡಿದವರೊಬ್ಬರನ್ನು ನೋಡಲು ಹೊರಟರು. ಹೋಗುತ್ತಾ, "ಎತ್ತು ಹೊಡ್ಕೊಂಡು ಹೋಗಿ ಮೇಲಿನ ಹೊಲ ಉಳು" ಅಂದರು. ಲೂರ್ದು ಒಬ್ಬನೇ ಎತ್ತು ಹೂಡಿದ್ದು ಅದೇ ಮೊದಲು.

ಮಧ್ಯಾಹ್ನ ಸ್ವಾಮಿಗಳು ಮರಳಿದಾಗ ಎರಡು ಸಾಲೂ ಮುಗಿದಿರಲಿಲ್ಲ. ಕೆಂದ ಎಂಬ ಎತ್ತು ನೊಗದಡಿಯೇ ಮಲಗಿತ್ತು. ಬೆನ್ನ ತುಂಬ ಬೆರಳುದಪ್ಪ ಬಾಸುಂಡೆ.

"ಏನೋ ಇದು?"

"ನೀವೇ ಹೊಡಿ ಅಂದ್ರಲ್ಲ ಸ್ವಾಮಿ!"

"ಲಾರಿ ಹೊಡೆಯೋನು ಲಾರಿಗೆ ಬಾರಿಸ್ತಾನೇನೋ?"

ಲೂರ್ದುವಿಗೆ ರೇಗಿತು. "ಮೂರು ಸಲ ಮಲಗಿತು ಸ್ವಾಮಿ, ಬೇಕಂತಲೇ! ನನ್ನ ಹೊಟ್ಟೆಯನ್ನೇ ನಾನು ಸುಮ್ಮನೆ ಬಿಟ್ಟಿಲ್ಲ, ಇದನ್ನ ಬಿಡಬೇಕಾ? ಶಿಸ್ತು ಅಂದ್ರೆ ಎಲ್ಲರಿಗೂ ಒಂದೇ ಅಲ್ವಾ?"

"ಉಪವಾಸ ನಿನ್ನದು. ಹಸಿವಿನ ಸಿಟ್ಟು ಅವನ ಬೆನ್ನಿಗಾ?"

ಸ್ವಾಮಿಗಳು ಬಗ್ಗಿ ನೊಗದ ಹಗ್ಗ ಬಿಚ್ಚತೊಡಗಿದರು.

"ಕೆಂದ ಯಾವ ಕಡೆಯವನು?"

"ಯಾವ ಕಡೆ ಅಂದ್ರೆ?"

"ಐದು ವರ್ಷದಿಂದ ಎಡಕ್ಕೆ ಹೂಡಿರೋ ಎತ್ತು. ನೀನು ಬಲಕ್ಕೆ ಕಟ್ಟಿದ್ದೀಯ. ನೀನು ಕೂಗಿದಾಗೆಲ್ಲ ಅವನು ಕಲಿತ ಕಡೆಗೇ ತಿರುಗಿದ. ಜೊತೆಯವನ ಕೊಂಬು ತಾಗಿತು. ಕಲಿತದ್ದನ್ನ ಬಿಡಲಾರದೆ ಮಲಗಿಬಿಟ್ಟ. ನೋಡು, ಇದಕ್ಕೆ ಶಿಸ್ತು ಅಂತಾರೆ."

ಲೂರ್ದುವಿನ ಕೈಯ ಬಾರುಕೋಲು ಕೆಳಗಿಳಿಯಿತು.

"ಗೊತ್ತಿರಲಿಲ್ಲ ಸ್ವಾಮಿ."

"ಗೊತ್ತಿಲ್ಲದ್ದಕ್ಕೆ ನಾನು ಬಯ್ಯೋದಿಲ್ಲ. ತಪ್ಪು ನಿನ್ನದು, ಪೆಟ್ಟು ಅವನಿಗೆ! ಬೇರೆಯವರ ತಪ್ಪಿಗೆ ಬೆನ್ನು ಕೊಟ್ಟವನ ಹೆಸರಲ್ಲೇ ಅಲ್ವೇನೋ ನೀನು ಹಸಿದುಕೊಂಡಿರೋದು? ಆ ಬೆನ್ನು ಎದುರಿಗೇ ಇದ್ದಾಗ ಕೋಲು ಯಾರ ಕೈಲಿತ್ತು?"

ಸ್ವಾಮಿಗಳ ದನಿ ನಡುಗುತ್ತಿತ್ತು. ಅವರಿಗೆ ಹೀಗೆ ಸಿಟ್ಟು ಬಂದದ್ದನ್ನು ಲೂರ್ದು ಕಂಡೇ ಇರಲಿಲ್ಲ. ಬಾರುಕೋಲು ಎಸೆದು ಅವರ ಕಾಲು ಹಿಡಿದ.

"ಪಾಪನಿವೇದನೆ ಕೇಳಿ ಸ್ವಾಮಿ. ಏನು ಪ್ರಾಯಶ್ಚಿತ್ತ ಕೊಟ್ರೂ ಮಾಡ್ತೀನಿ. ದೀಕ್ಷೆ ಮಾತ್ರ ತಪ್ಪಿಸಬೇಡಿ."

"ಕಾಲು ಬಿಡು. ಬಾಸುಂಡೆ ಎದ್ದಿರೋದು ನನ್ನ ಮೈಮೇಲಲ್ಲ."

ನೊಗ ಕಳಚಿದ್ದೇ ಕೆಂದ ಎದ್ದು, ಮೈ ಕೊಡವಿ, ಹೊಂಗೆಯ ನೆರಳಿಗೆ ಹೋಗಿ ನಿಂತಿತು. ಲೂರ್ದು ಬದುವಿನಿಂದ ಒಂದು ಹಿಡಿ ಹಸಿಹುಲ್ಲು ಕಿತ್ತು ಅದರ ಮುಂದೆ ಚಾಚಿದ.

ಕೆಂದ ಒಂದು ಹೆಜ್ಜೆ ಹಿಂದೆ ಸರಿಯಿತು.

ಅವನು ಇನ್ನೂ ಹತ್ತಿರ ಹೋದ. ಅದು ಇನ್ನೂ ಸರಿಯಿತು. ಮರದ ಬುಡಕ್ಕೆ ಹಿಂಭಾಗ ತಾಗಿ, ಇನ್ನು ಸರಿಯಲು ಜಾಗವಿಲ್ಲದೆ, ಅದರ ಚರ್ಮ ಅದುರತೊಡಗಿತು. ಲೂರ್ದು ಅಲ್ಲೇ ನಿಂತುಬಿಟ್ಟ.

"ಹಬ್ಬಕ್ಕೆ ಇನ್ನು ಒಂಬತ್ತೇ ದಿನ ಸ್ವಾಮಿ," ಅಂದ. "ದೀಕ್ಷೆ ಕೊಡ್ತೀರಾ?"

ಸ್ವಾಮಿಗಳು ಜೊತೆಯ ಎತ್ತನ್ನು ನೀರಿಗೆ ತಿರುಗಿಸಿದರು.

"ಅವನು ನಿನ್ನ ಕೈಯಿಂದ ತಿಂದ ದಿನ ಬಂದು ಹೇಳು."