ಬೆಳ್ಳಿಯ ಹುಟ್ಟುಗೂದಲು ಯಾವ ದೇವರಿಗೆ

ಒಂದಾನೊಂದು ಕಾಲದಲ್ಲಿ, ಮರೀ, ಮನೆಗೊಂದು ದೇವರಿದ್ದ ಕಾಲದಲ್ಲಿ, ಎಳ್ಳುಬಾವಿ ಅಂತ ಒಂದೂರಿತ್ತಂತೆ. ಆ ಊರಲ್ಲಿ ದಾರೆವ್ವ ಅಂತ ಒಬ್ಬಳಿದ್ದಳಂತೆ. ಹೆತ್ತವರು ಯಾರೋ ಏನೋ, ದಾರಿ ಬದಿ ಬೇಲಿ ನೆರಳಲ್ಲಿ ಸಿಕ್ಕಿದ ಕೂಸು, ಅದಕ್ಕೇ ಆ ಹೆಸರು. ಕುರಿ ಕಾಯೋ ಮುದುಕಿಯೊಬ್ಬಳು ಎತ್ಕೊಂಡು ಬಂದು ಸಾಕಿದಳು, ಆಮೇಲೆ ಮುದುಕಿ ಸತ್ತಳು. ದಾರೆವ್ವನ ಗಂಡ ಕರಿಗನೂ ಅಂಥವನೇ, ಸಂತೆ ಮುಗಿದು ಎಲ್ಲರೂ ಗಂಟುಮೂಟೆ ಕಟ್ಕೊಂಡು ಹೋದ ಮೇಲೆ ಸಂತೆಮಾಳದಲ್ಲಿ ಉಳಿದುಹೋಗಿದ್ದ ಹುಡುಗ. ಇಬ್ಬರೂ ಮದುವೆ ಆಗೋವಾಗ ಊರೋರು, ನಿಮ್ಮ ಮನೆದೇವರು ಯಾವುದಪ್ಪಾ ಅಂತ ಕೇಳಿದರೆ, ನಮಗೆ ಮನೆನೇ ಇಲ್ಲ, ಇನ್ನು ಮನೆದೇವರನ್ನ ಎಲ್ಲಿಂದ ತರಲಿ ಅಂದನಂತೆ ಕರಿಗ. ಎಲ್ಲ ನಕ್ಕರು. ದಾರೆವ್ವ ನಗಲಿಲ್ಲ.

ಅವಳು ಮೊದಲಿಂದಲೂ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೆ ಎದೆ ಹೊಡ್ಕೊಳ್ಳೋದು, ಗಂಡ ಬರೋದು ತುಸು ಹೊತ್ತಾದರೆ ಬಾಗಿಲಲ್ಲೇ ನಿಂತಿರೋದು. ಬೇರೆಯವರಿಗೂ ಹೆದರಿಕೆ ಇರ್ತದೆ, ಇಲ್ಲ ಅಂತಲ್ಲ, ಆದರೆ ಅವರಿಗೆ ಕೂಗೋಕೊಂದು ಹೆಸರಿರ್ತದೆ, ಯಪ್ಪಾ ಬೀರಪ್ಪ ಅಂತಾರೆ, ತಾಯೇ ಚೌಡವ್ವ ಅಂತಾರೆ. ಇವಳು ಬಾಯಿ ತೆಗೆದರೆ ಬರೀ ಅಯ್ಯೋ. ಬರೀ ಅಯ್ಯೋ ಅಂದ್ರೆ ಯಾರು ಬರ್ತಾರೆ ಹೇಳು?

ಆಮೇಲೆ ಅವರಿಗೊಂದು ಹೆಣ್ಣುಕೂಸು ಹುಟ್ಟಿತಂತೆ. ಬೆಳ್ಳಿ ಅಂತ ಹೆಸರಿಟ್ಟರು. ಹುಟ್ಟುವಾಗಲೇ ತಲೆ ತುಂಬ ಕೂದಲು, ಕಾಡಿಗೆ ಹಚ್ಚಿದ ಹಂಗೆ. ಹುಟ್ಟುಗೂದಲನ್ನ ಮನೆದೇವರಿಗೆ ಕೊಡಬೇಕಲ್ಲ, ಜವಳ ಅಂತೀವಲ್ಲ, ನಿಂದೂ ತೆಗೆಸಿದ್ವಿ, ಊರೆಲ್ಲ ಕೇಳೋ ಹಂಗೆ ಕಿರುಚಿದ್ದೆ ನೀನು. ಹಂಗೆ ಬೆಳ್ಳಿಗೆ ಎರಡು ತುಂಬಿ ತೊದಲು ಮಾತು ಬಂದ ಮೇಲೆ ಅವಳದೂ ತೆಗೆಸಬೇಕು ಅಂತ ಕ್ಷೌರದ ಕಾಳಜ್ಜನ್ನ ಕರೆದರಂತೆ. ಕಾಳಜ್ಜ ಬಂದ, ಕತ್ತಿ ಮಸೆದ, ಮಸೆದು ಕೇಳಿದ, ಯಾರ ಹೆಸರಲ್ಲಿ ಇಡಲಿ ಮಗಳೇ? ದಾರೆವ್ವ ಗಂಡನ ಮುಖ ನೋಡಿದಳು, ಗಂಡ ನೆಲ ನೋಡಿದ. ಕಾಳಜ್ಜ ಕತ್ತಿ ಮಡಚಿದನಂತೆ. ಹೆಸರಿಲ್ಲದೆ ತೆಗೆದರೆ ಕೂದಲಿಗೆ ಹೋಗೋಕೆ ಜಾಗ ಇರಲ್ಲ ಕಣವ್ವ, ವಾಪಸು ಬರ್ತದೆ ಅಂದ.

ಕರಿಗನಿಗೆ ಸಿಟ್ಟು ಬಂತು. ಕೂದಲು ತಾನೇ, ಹುಲ್ಲು ಕೊಯ್ಯೋನಿಗೆ ಕೂದಲು ಕೊಯ್ಯೋಕಾಗಲ್ವಾ ಅಂತ ಕುಡುಗೋಲು ತಗೊಂಡು ತಾನೇ ಕತ್ತರಿಸಿ ಬೇಲಿಯಾಚೆ ಎಸೆದನಂತೆ. ಬೆಳಗಾಗಿ ನೋಡಿದರೆ ಕೂದಲು ಮೊದಲಿದ್ದಷ್ಟೂ ಇದೆ, ಮೇಲೊಂದು ಗೇಣು ಜಾಸ್ತಿ ಇದೆ. ಅವತ್ತಿಂದ ಅದು ಬೆಳೆದಿದ್ದೇ ಬೆಳೆದಿದ್ದು. ಬೆನ್ನು ದಾಟಿತು, ಸೊಂಟ ದಾಟಿತು, ಹಿಮ್ಮಡಿಗೆ ಬಂತು. ಕೂದಲು ಬೆಳೆದ ಹಂಗೆಲ್ಲ ಕೂಸು ಸೊರಗ್ತಾ ಹೋಯ್ತಂತೆ. ಹಾಲು ಕುಡಿದರೆ ಹಾಲು ಕೂದಲಿಗೆ, ಗಂಜಿ ಕುಡಿದರೆ ಗಂಜಿ ಕೂದಲಿಗೆ. ಕೈಕಾಲು ನೋಡಿದರೆ ಜೋಳದ ದಂಟು. ಕಾಳಜ್ಜ ಒಂದಿನ ಕೂಸನ್ನ ನೋಡಿ ದಾರೆವ್ವನ್ನ ಪಕ್ಕಕ್ಕೆ ಕರೆದು ಹೇಳಿದನಂತೆ, ಮಳೆಗಾಲ ಶುರುವಾಗೋದ್ರೊಳಗೆ ಈ ಕೂದಲಿಗೆ ಒಬ್ಬ ಒಡೆಯನ್ನ ಹುಡುಕು ತಾಯಿ. ಇಲ್ಲಾಂದ್ರೆ ಕೂದಲು ಉಳೀತದೆ, ಕೂಸು ಉಳಿಯಲ್ಲ.

ಏನು, ಸತ್ತುಹೋಗ್ತದಾ ಅಂತೀಯಾ? ತಡಿ, ನಾನು ಹೇಳ್ತೀನಲ್ಲ.

ಆಮೇಲೆ ದಾರೆವ್ವ ಎಲ್ಲಿ ಹುಡುಕಲಿ ಅಂದ್ರೆ, ಈ ಸೀಮೆಯಲ್ಲಿ ಕೇಳಿದ್ದಕ್ಕೆ ಹೂ ಕೊಡೋ ದೇವರು ಮೂರಿದಾವೆ, ಗುಡ್ಡದ ದೊಡ್ಡಯ್ಯ, ಕೆರೆ ಕೆಂಚವ್ವ, ಹೊಳೆಯಾಚೆ ಹಾಲಪ್ಪ, ಹೋಗಿ ಕೇಳು ಅಂದನಂತೆ ಕಾಳಜ್ಜ. ಹೂ ಕೇಳೋದು ಅಂದ್ರೆ ಗೊತ್ತಲ್ಲ? ದೇವರ ಮೈಮೇಲೆ ಎಡಕ್ಕೊಂದು ಬಲಕ್ಕೊಂದು ಹೂವನ್ನ ನೀರಲ್ಲಿ ಅದ್ದಿ ಅಂಟಿಸೋದು, ಕಾಯೋದು. ಬಲಗಡೇದು ಬಿದ್ದರೆ ಆಯ್ತು ಅಂತ, ಎಡಗಡೇದು ಬಿದ್ದರೆ ಆಗಲ್ಲ ಅಂತ. ಕರಿಗ, ನೀನೇ ಹೋಗು ಮಾರಾಯ್ತಿ, ನಾನು ಬಂದರೆ ದೇವರ ಹತ್ತಿರ ಜಗಳ ಆಡಿಬಿಡ್ತೀನಿ ಅಂದ. ಸರಿ ಅಂತ ಕೂಸನ್ನ ಬೆನ್ನಿಗೆ ಕಟ್ಕೊಂಡು, ಕೂದಲನ್ನ ಹಗ್ಗ ಸುತ್ತಿದ ಹಂಗೆ ತನ್ನ ತೋಳಿಗೆ ಸುತ್ಕೊಂಡು ದಾರೆವ್ವ ಹೊರಟಳಂತೆ.

ಗುಡ್ಡದ ದೊಡ್ಡಯ್ಯನ ಮುಂದೆ ಜನವೋ ಜನ. ಇವಳ ಸರದಿ ಬರೋದ್ರೊಳಗೆ ಬಿಸಿಲಲ್ಲಿ ನಿಂತು ನಿಂತು ಕಾಲು ಸೋತುಹೋಯ್ತು. ಪೂಜಾರಿ ಹೂ ಅಂಟಿಸಿದನೋ ಇಲ್ಲವೋ, ಎಡಗಡೇದು ಪಟಕ್ಕನೆ ಬಿತ್ತಂತೆ. ನಡಿಯವ್ವ ನಡಿ, ಅಯ್ಯನಿಗೆ ಏಳೂರು ಒಕ್ಕಲಿದಾವೆ, ಅವರ ಹೆಸರು ನೆನಪಿಟ್ಕೊಳ್ಳೋದೇ ಸಾಕಾಗಿದೆ ಅಂದ ಪೂಜಾರಿ. ಒಂದೇ ಒಂದು ಕೂಸು ಸ್ವಾಮಿ, ಏನೂ ಗಲಾಟೆ ಮಾಡಲ್ಲ, ಒಂದು ಮೂಲೇಲಿ ಇರ್ತದೆ ಅಂದಳು ಇವಳು. ಅಷ್ಟೊತ್ತಿಗೆ ಹಿಂದಿನವರು ತಳ್ಳಿ ಆಚೆಗೆ ಹಾಕಿಬಿಟ್ಟರಂತೆ.

ಗುಡ್ಡ ಇಳಿಯೋವಾಗ ಅವಳ ಎದೆಯೊಳಗೆ ಒಂದೇ ಮಾತು. ಅಲ್ಲೂ ಎಡಕ್ಕೆ ಬಿದ್ದರೆ? ಅಲ್ಲೂ ಎಡಕ್ಕೆ ಬಿದ್ದರೆ? ಬೆನ್ನ ಮೇಲಿನ ಕೂಸು ದಿನದಿನಕ್ಕೆ ಹಗುರ ಆಗ್ತಿತ್ತು, ತೋಳಿನ ಕೂದಲು ದಿನದಿನಕ್ಕೆ ಭಾರ ಆಗ್ತಿತ್ತು.

ಕೆರೆ ಏರಿ ಮೇಲೆ ಕೆಂಚವ್ವನ ಗುಡಿ. ಅಲ್ಲಿ ಪೂಜೆ ಮಾಡೋಳು ಒಬ್ಬಳು ಮುದುಕಿ, ಒಳ್ಳೆಯವಳು, ಪಾಪ ದೂರದಿಂದ ಬಂದೀಯ, ನೀನೇ ಹೂ ಅಂಟಿಸವ್ವ, ತಾಯಿಗೆ ತಾಯಿ ಮಾತು ಬೇಗ ಕೇಳಿಸ್ತದೆ ಅಂತ ಹೂ ಇವಳ ಕೈಗೇ ಕೊಟ್ಟಳಂತೆ. ಆವಾಗ ದಾರೆವ್ವ ಏನು ಮಾಡಿದಳು ಗೊತ್ತಾ? ಎಡಗಡೆ ಹೂವನ್ನ ನೀರಲ್ಲಿ ಚೆನ್ನಾಗಿ ನೆನೆಸಿ ಒತ್ತಿ ಅಂಟಿಸಿದಳು. ಬಲಗಡೆ ಹೂವಿಗೆ ಬೆರಳ ತುದಿಯ ತೇವ ಮುಟ್ಟಿಸಿದಳೋ ಇಲ್ಲವೋ. ಯಾರೂ ನೋಡಲಿಲ್ಲ. ಅವಳು ಕಣ್ಮುಚ್ಚಿ ಕೈಮುಗಿಯೋದೇ ತಡ, ಬಲಗಡೆ ಹೂ ಬಿತ್ತು.

ತಾಯಿ ಒಪ್ಪಿದಳು, ತಾಯಿ ಒಪ್ಪಿದಳು ಅಂತ ಎಲ್ಲ ಕೂಗಿದರು, ಹಲಗೆ ಬಾರಿಸಿದರು, ಅಲ್ಲೇ ಇದ್ದ ಕ್ಷೌರದವನು ಕೆಂಚವ್ವನ ಹೆಸರು ಹೇಳಿ ಬೆಳ್ಳಿ ತಲೆ ಬೋಳಿಸಿದ. ಬೋಳಿಸಿ ಕತ್ತಿ ಒರೆಸ್ಕೊಳ್ಳೋಷ್ಟರಲ್ಲಿ ಕೂದಲು ಬುಸಬುಸ ಅಂತ ಬಂದು ನೆಲ ಮುಟ್ಟಿತಂತೆ. ಹಲಗೆ ನಿಂತುಹೋಯ್ತು. ಆಮೇಲೆ ಆ ಮುದುಕಿಗೆ ಮೈದುಂಬಿ, ಕೆಂಚವ್ವ ಅವಳ ಬಾಯಲ್ಲಿ ಕೇಳಿದಳಂತೆ, ಯಾರೇ ಅದು ನನ್ನ ಬಾಯಿಗೆ ಮಾತು ತುರುಕಿದೋಳು? ದಾರೆವ್ವ ಅಡ್ಡಬಿದ್ದಳು, ತಪ್ಪಾಯ್ತು ತಾಯಿ, ನೀನು ಒಲ್ಲೆ ಅಂತೀಯೇನೋ ಅಂತ ಹೆದರಿ ಮಾಡಿದೆ ಅಂದಳು. ಕೆಂಚವ್ವ ಬೈಯಲಿಲ್ಲವಂತೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಚೂರು ತಡೆದಿದ್ದರೆ ನಾನೇ ಕೊಡ್ತಿದ್ದೆನೋ ಏನೋ ಮಗಳೇ, ಈಗ ಹೆಂಗೆ ಕೊಡಲಿ, ನನಗೂ ಗೊತ್ತು ನಿನಗೂ ಗೊತ್ತು ಅಂದಳಂತೆ.

ಆ 'ಏನೋ' ಅನ್ನೋದು ಮುಳ್ಳಿನ ಹಂಗೆ ಕೂತುಬಿಡ್ತು ನೋಡು ದಾರೆವ್ವನಿಗೆ. ಕೊಡ್ತಿದ್ದಳಾ, ಕೊಡ್ತಿರಲಿಲ್ವಾ? ಇನ್ನು ಯಾವತ್ತೂ ಗೊತ್ತಾಗಲ್ಲ. ಅಳ್ಕೊಂಡೇ ಹೊಳೆಯಾಚೆ ಹಾಲಪ್ಪನ ದಾರಿ ಹಿಡಿದಳಂತೆ. ಮೂಡಲ ದಿಕ್ಕಿಗೆ ನೋಡಿದರೆ ಮೋಡ ಕಟ್ತಾ ಇದೆ. ಮಳೆ ಬಂದರೆ ಹೊಳೆ ದಾಟೋಕಾಗಲ್ಲ. ಮಳೆ ಬಂದರೆ ಕಾಳಜ್ಜ ಹೇಳಿದ ಮಾತು. ಬೆಳ್ಳಿ ಅಳೋದನ್ನೂ ಬಿಟ್ಟಿತ್ತು, ಅಳಬೇಕಾದರೆ ಮೈಯಲ್ಲಿ ಏನಾದರೂ ಇರಬೇಕಲ್ಲ.

ನಡೆದು ನಡೆದು ತೋಳು ಸೋತು, ಇನ್ನು ಆಗಲ್ಲ ಅನ್ನೋವಾಗ ದಾರಿ ಪಕ್ಕ ಒಂದು ಹೊರೆ ಇಳಿಸೋ ಕಲ್ಲು ಕಾಣ್ತಂತೆ. ಆಗ ಬಸ್ಸೇ, ಲಾರಿಯೇ, ಎಲ್ಲ ತಲೆಹೊರೆ. ಒಬ್ಬನೇ ನಡೆಯೋನು ಹೊರೆನ ನೆಲಕ್ಕಿಳಿಸಿದರೆ ಮತ್ತೆ ತಲೆಗೆ ಎತ್ತೋರು ಯಾರು? ಅದಕ್ಕೇ ಎರಡು ಕಲ್ಲು ನಿಲ್ಲಿಸಿ ಅದರ ಮೇಲೆ ಎದೆಮಟ್ಟಕ್ಕೆ ಒಂದು ಚಪ್ಪಡಿ ಹಾಸಿರ್ತಿದ್ದರು. ದಾರೆವ್ವ ಬೆಳ್ಳಿಯನ್ನ ಆ ಚಪ್ಪಡಿ ಮೇಲೆ ಮಲಗಿಸಿ, ಕೂದಲನ್ನೂ ಪಕ್ಕಕ್ಕೆ ಸುರುಳಿ ಇಟ್ಟು, ಉಸ್ಸಪ್ಪಾ ಅಂತ ಕೂತಳಂತೆ.

ಏನವ್ವ ಇದು, ಯಾವ ಹೊರೆ ಇಳಿಸಿದೆ, ಉಸಿರಾಡ್ತಾ ಇದೆ ಅಂತ ಕಲ್ಲು ಕೇಳ್ತಂತೆ.

ದಾರೆವ್ವ ಹೌಹಾರಿ ಎದ್ದಳು. ನೀನು ಯಾವ ದೇವರಪ್ಪಾ ಅಂದಳು. ದೇವರೂ ಅಲ್ಲ ದಿಂಡರೂ ಅಲ್ಲ, ಹೊರೆ ಇಳಿಸೋ ಕಲ್ಲು ಅಂತು ಅದು. ಮತ್ತೆ ಮಾತಾಡ್ತೀಯಲ್ಲ? ಪೂಜಾರಿ ಇಲ್ಲವಲ್ಲವ್ವ, ನನ್ನ ಮಾತು ನಾನೇ ಆಡ್ಕೋಬೇಕು.

ಆಮೇಲೆ ದಾರೆವ್ವ ಎಲ್ಲ ಹೇಳಿದಳಂತೆ, ಕೆಂಚವ್ವನಿಗೆ ಮಾಡಿದ ಮೋಸಾನೂ ಬಿಡದೆ ಹೇಳಿದಳು. ಹೇಳಿ ಹೇಳಿ ಕೊನೆಗೆ, ನೀನೇ ನಮ್ಮ ದೇವರಾಗಪ್ಪಾ, ಈ ಕೂದಲು ನೀನೇ ತಗೋ ಅಂದುಬಿಟ್ಟಳು. ಕಲ್ಲಿಗೆ ಗಾಬರಿ ಆಯ್ತಂತೆ. ಅಯ್ಯಯ್ಯೋ, ನನಗೆ ದೇವರಾಗಿ ರೂಢಿ ಇಲ್ಲ ಕಣವ್ವ. ಉಪ್ಪಿನ ಮೂಟೆ ಗೊತ್ತು, ಸೌದೆ ಹೊರೆ ಗೊತ್ತು, ಒಂದ್ಸಲ ಯಾರೋ ಮದುವೆ ಹಾಸಿಗೆ ಸುರುಳಿ ಇಟ್ಟು ಅದರ ಮೇಲೆ ತಾನೇ ಮಲಗಿಬಿಟ್ಟಿದ್ದ. ಕೂದಲು ಯಾರೂ ಇಟ್ಟಿಲ್ಲ. ತಗೊಂಡ ಮೇಲೆ ನಾನೇನು ಮಾಡಬೇಕು?

ನನ್ನ ಕೂಸು ಬದುಕಬೇಕು.

ಕಲ್ಲು ಹೇಳ್ತಂತೆ, ಅದು ನನ್ನ ಕೈಲಾಗ್ತದೋ ಇಲ್ಲವೋ ನನಗೆ ತಿಳೀದು ತಾಯಿ. ನನ್ನ ಮೇಲಿಟ್ಟಿದ್ದನ್ನ ಇವತ್ತಿನವರೆಗೆ ಕೆಳಕ್ಕೆ ಬೀಳಿಸಿಲ್ಲ, ಅಷ್ಟು ಹೇಳಬಲ್ಲೆ. ಹೊತ್ಕೊಂಡು ಹೋಗು ಅಂದ್ರೆ ನನಗೆ ಕಾಲಿಲ್ಲ. ಇಳಿಸ್ಕೋತೀನಿ. ದಣಿವಾರಿದ ಮೇಲೆ ಎತ್ತಿಕೊಳ್ಳೋಳು ನೀನೇ. ಇದು ಸಾಕಾದರೆ ಆಯ್ತು, ನಾನು ಒಪ್ಪಿದೆ.

ಒಪ್ಪಿದೆ ಅಂತ ಬಾಯಿಬಿಟ್ಟು ಹೇಳಿದರೂ ದಾರೆವ್ವನಿಗೆ ಸಮಾಧಾನ ಇಲ್ಲ. ಹೂ ಕೇಳ್ತೀನಿ ಅಂದಳು. ಹೇಳಿದೆನಲ್ಲವ್ವ ಅಂತು ಕಲ್ಲು. ಬಾಯಿ ಮಾತು ಯಾರು ನಂಬ್ತಾರಪ್ಪ, ಕಾಳಜ್ಜ ಮೊದಲು ಹೂ ಬಿತ್ತಾ ಅಂತಲೇ ಕೇಳೋದು ಅಂತ, ದಾರಿ ಬದಿ ತಂಗಡಿ ಗಿಡದಿಂದ ಎರಡು ಹಳದಿ ಹೂ ಕಿತ್ತು, ಕುಡಿಯೋ ನೀರಲ್ಲಿ ಎರಡನ್ನೂ ಸಮನಾಗಿ ಅದ್ದಿ, ಆ ಕಂಬಕ್ಕೊಂದು ಈ ಕಂಬಕ್ಕೊಂದು ಅಂಟಿಸಿದಳಂತೆ. ಈ ಸಲ ಮೋಸ ಮಾಡಲಿಲ್ಲ. ಕಾದಳು. ಗುಡುಗು ಹತ್ತಿರ ಬಂತು. ಬೆಳ್ಳಿಯ ಎದೆ ಏಳ್ತದಾ ಅಂತ ಒಮ್ಮೆ ನೋಡೋದು, ಹೂ ಅಲ್ಲಾಡ್ತದಾ ಅಂತ ಒಮ್ಮೆ ನೋಡೋದು. ಒಂದು ಗಾಳಿ ಬೀಸ್ತು, ಹೂ ಬಿತ್ತು.

ಎಡಗಡೇದು.

ದಾರೆವ್ವ ಅಲ್ಲೇ ಕುಸಿದು ಕೂತಳಂತೆ.

ಏನಾಯ್ತವ್ವ ಅಂತು ಕಲ್ಲು. ಎಡಕ್ಕೆ ಬಿತ್ತಪ್ಪಾ. ಎಡ ಅಂದರೆ? ಈ ಕಡೆ. ನಿನಗೆ ಈ ಕಡೆ, ನನಗೇನು ಗೊತ್ತು? ನನಗೆ ಮುಖ ಎಲ್ಲಿದೆ, ಬೆನ್ನೆಲ್ಲಿದೆ? ಮೂಡಲಿಂದ ಬರೋರು ಆ ಕಡೆ ನಿಂತು ಹೊರೆ ಇಡ್ತಾರೆ, ಪಡುವಲಿಂದ ಬರೋರು ಈ ಕಡೆ ನಿಂತು ಇಡ್ತಾರೆ. ನೀನೆಲ್ಲಿ ನಿಂತ್ಕೋತೀಯೋ ಅದೇ ನನಗೆ ಮುಂದುಗಡೆ.

ದಾರೆವ್ವ ತಲೆಯೆತ್ತಿ ನೋಡಿದಳು. ಎದ್ದಳು. ಎದ್ದೋಳು ಮತ್ತೆ ನಿಂತಳು. ಇದೂ ಮೋಸ ಆಗಿಬಿಟ್ಟರೆ? ಕೆಂಚವ್ವನ ಹತ್ತಿರ ಹಿಂಗೇ ಮಾಡಿದ್ದಲ್ವಾ ನಾನು ಅಂದಳು. ಕಲ್ಲು ಅಂತಂತೆ, ಅಲ್ಲಿ ಅವಳ ಕಣ್ಣಿಗೆ ಮರೆ ಮಾಡಿ ಮಾಡಿದೆ. ಇಲ್ಲಿ ನೀನು ನಡೆಯೋದನ್ನ ನಾನು ನೋಡ್ತಾ ಇದೀನಿ. ಬರೋದಾದರೆ ಬಾ, ಬಲವಂತ ಇಲ್ಲ.

ಆ ಕಲ್ಲಿನ ಸುತ್ತ ಅರ್ಧ ಸುತ್ತು ಹಾಕೋದು, ಮರೀ, ಗುಡ್ಡ ಹತ್ತಿದ್ದಕ್ಕಿಂತ ದೂರ ಅನ್ನಿಸ್ತಂತೆ ಅವಳಿಗೆ. ಆಚೆ ಬದಿಗೆ ಹೋಗಿ ನಿಂತು ನೋಡಿದಳು. ಬಲಗಡೆ ಕಂಬ ಬರಿದು. ಎಡಗಡೆ ಹೂ ಅಂಟ್ಕೊಂಡೇ ಇತ್ತು.

ಅಷ್ಟೊತ್ತಿಗೆ ದಾರಿಯಲ್ಲಿ ಯಾರೋ ಓಡಿ ಬರ್ತಾ ಇದಾರೆ. ಯಾರು ಅಂದ್ರೆ ಕರಿಗ. ಮೋಡ ನೋಡಿ ಮನೇಲಿ ಕೂರೋಕಾಗದೆ, ಹಾಲಪ್ಪನ ದಾರೀಲೇ ಸಿಗ್ತಾಳೆ ಅಂತ ಕಾಳಜ್ಜನ ಕೈಹಿಡಿದು ಎಳ್ಕೊಂಡೇ ಬಂದಿದ್ದಾನೆ. ನನ್ನ ಕೈ ಬಿಡೋ, ಕ್ಷೌರ ಮಾಡೋ ಕೈ ಅದು, ಕಿತ್ತುಬಂದರೆ ಊರೆಲ್ಲ ಗಡ್ಡ ಬಿಟ್ಕೊಂಡು ತಿರುಗಬೇಕಾಗ್ತದೆ ಅಂತ ಮುದುಕ ಬೈಯ್ತಾ ಬಂದನಂತೆ. ದಾರೆವ್ವ, ಅಜ್ಜಾ ಕತ್ತಿ ತೆಗಿ, ಬೇಗ ಅಂದಳು. ಯಾರ ಹೆಸರಲ್ಲಿ? ಹೊರೆಯಪ್ಪನ ಹೆಸರಲ್ಲಿ. ಅದ್ಯಾವ ದೇವರೇ, ನಾನು ಕೇಳೇ ಇಲ್ಲ? ನಮ್ಮನೆ ದೇವರು. ನಿಮ್ಮನೆ ದೇವರಾ, ಯಾವಾಗಿಂದ? ಈಗಿಂದ ಅಂದಳಂತೆ ದಾರೆವ್ವ. ಕಾಳಜ್ಜ ಅವಳ ಮುಖ ನೋಡಿದ, ಕಲ್ಲನ್ನ ನೋಡಿದ, ಹೂ ಬಿತ್ತಾ ಅಂತ ಕೇಳೋನು ಕೇಳಲಿಲ್ಲ, ಕತ್ತಿ ಮಸೆದ.

ಕೂದಲು ಚಪ್ಪಡಿ ಮೇಲೆ ರಾಶಿ ಬಿತ್ತು. ಮೂವರೂ ಆ ಬೋಳುತಲೆಯನ್ನೇ ನೋಡ್ತಾ ನಿಂತರು. ಕಾಳಜ್ಜ ಕತ್ತಿ ಒರೆಸಿದ, ಕೂದಲು ಬರಲಿಲ್ಲ. ಕತ್ತಿ ಮಡಚಿದ, ಬರಲಿಲ್ಲ. ಮಳೆಯ ಮೊದಲ ಹನಿ ತಪ್ ಅಂತ ಬೆಳ್ಳಿ ತಲೆ ಮೇಲೆ ಬಿತ್ತಂತೆ. ಕೂಸು ಬೆಚ್ಚಿ ಕಣ್ಣು ಬಿಟ್ಟು, ತಲೆ ಮುಟ್ಟಿ ನೋಡ್ಕೊಂಡು ಹೋ ಅಂತ ಅತ್ತು, ಅಳ್ತಾ ಅಳ್ತಾನೇ ಅವ್ವಾ ಹಸಿವು ಅಂತಂತೆ. ಕರಿಗನ ಬಟ್ಟೆಗಂಟಿನಲ್ಲಿದ್ದ ರೊಟ್ಟಿ ಕೊಟ್ಟರು, ತಿಂತು. ಕಾಳಜ್ಜ ತನ್ನ ಬುತ್ತಿ ಕೊಟ್ಟ, ಅದನ್ನೂ ತಿಂತು. ಆಮೇಲೆ ದಾರೆವ್ವ ಎತ್ಕೊಳ್ಳೋಕೆ ಹೋದರೆ, ಕೂದಲೆಲ್ಲ ಹೋಗಿದೆ, ಹಗುರ ಇರಬೇಕು ತಾನೇ? ಭಾರ ಇತ್ತಂತೆ ಕೂಸು. ತಿಂದಿದ್ದೆಲ್ಲ ಕೂಸಿಗೇ ಹೋಗಿತ್ತು. ಹಲ್ಲು ಕಚ್ಚಿ ಎತ್ಕೊಂಡಳಂತೆ ದಾರೆವ್ವ.

ಆಮೇಲೆ ದೇವರಿಲ್ಲದೋರೆಲ್ಲ, ಊರು ಬಿಟ್ಟೋರು, ದಾರಿ ತಪ್ಪಿದೋರು, ಹೊರೆಯಪ್ಪನಿಗೆ ಒಕ್ಕಲಾದರು. ಬೆಳ್ಳಿ ಬೆಳೆದು ಗಟ್ಟಿಮುಟ್ಟಾದಳು. ದಾರೆವ್ವನ ಹೆದರಿಕೆ ಹೋಯ್ತಾ ಅಂದ್ರೆ, ಎಲ್ಲಿ ಹೋಗ್ತದೆ, ಹುಟ್ಟುಗುಣ. ಆದರೆ ಅವಳು ಆ ದಾರಿಯಲ್ಲಿ ಹೋದಾಗಲೆಲ್ಲ, ಕೈ ಮುಗಿಯೋದಕ್ಕಿಂತ ಮುಂಚೆ ಕಲ್ಲೇ ಕೇಳೋದಂತೆ, ಬೆಳ್ಳಿ ಉಂಡಳಾ? ಜ್ವರಗಿರ ಬಂದಿಲ್ಲ ತಾನೇ? ನನಗ್ಯಾಕೋ ನೆನ್ನೆಯಿಂದ ಮನಸ್ಸು ಸರಿಯಿಲ್ಲ ಕಣವ್ವ. ಹೆದರೋಕೆ ಈಗ ಇಬ್ಬರಾದರು ನೋಡು, ಹಂಗಾಗಿ ದಾರೆವ್ವನಿಗೆ ರಾತ್ರಿ ಹೊತ್ತು ಕಣ್ಣು ಹತ್ತೋಕೆ ಶುರುವಾಯ್ತಂತೆ. ಅವಳು ಅಲ್ಲಿ ಮಲಗಿದಳು, ಕತೆ ಇಲ್ಲಿಗೆ ಮುಗೀತು, ನೀನೂ ಆ ಕಡೆ ಹೊರಳಿ ಮಲಗು.