ಬೆಂಕಿ ಮುಟ್ಟದ ಅಂಗಡಿ

ಗಾದಿ ಓಣಿಗೆ ಬೆಂಕಿ ಬಿದ್ದ ಮರುದಿನ ವಿಮಾ ಕಂಪನಿಯ ಅಧಿಕಾರಿ ರಾಚಯ್ಯ ಅಲ್ಲಿಗೆ ಬಂದ. ಓಣಿಯ ಉದ್ದಕ್ಕೂ ಅರಳೆ ಹಿಂಜಿ ಗಾದಿ ಹೊಲಿಯುವ ಪಿಂಜಾರರ ಅಂಗಡಿಗಳು ಒಂದೇ ಸಾಲಾಗಿ, ಗೋಡೆಗೆ ಗೋಡೆ ಅಂಟಿಕೊಂಡು ನಿಂತಿದ್ದವು. ಒಳಗೆಲ್ಲ ಅರಳೆ, ಹೊರಗೆಲ್ಲ ಗಾದಿ. ಇಂಥ ಕಡೆ ಒಂದು ಕಿಡಿ ಬಿದ್ದರೆ ಕೇಳಬೇಕೆ!

ತುದಿಯ ಅಂಗಡಿ ಸುಟ್ಟು ಕರಿಯಾಗಿತ್ತು. ಅದರ ಪಕ್ಕದ ಹುಸೇನವ್ವನ ಅಂಗಡಿ ನೆಲಸಮವಾಗಿತ್ತು. ಅದರಾಚೆ ಇಡೀ ಸಾಲು ಹಾಲಿನಷ್ಟು ಬೆಳ್ಳಗೆ, ಏನೂ ಆಗಿಯೇ ಇಲ್ಲವೆಂಬಂತೆ ನಿಂತಿತ್ತು.

"ಇದೇನಿದು?" ಎಂದ ರಾಚಯ್ಯ.

ಪಕ್ಕದ ಅಂಗಡಿಯ ದಾವಲಸಾಬ ಹೇಳಿದ: "ನಮ್ಮ ಹಿರೇರ ಮಾತು ಐತ್ರಿ ಸಾಹೇಬ್ರ. ಅರಳಿಗೆ ಬಿದ್ದ ಬೆಂಕಿ ನೀರಿಗೆ ಹೆದರೂದಿಲ್ಲ, ಬಯಲಿಗೆ ಹೆದರತೈತಿ. ನಡುವ ಒಂದು ಅಂಗಡಿ ಕೆಡವಿ ಬಯಲು ಮಾಡಬೇಕಿತ್ತು. ಆದ್ರ ನಿನ್ನ ಅಂಗಡಿ ಕೆಡವು ಅಂತ ಯಾವ ಬಾಯಿಲೆ ಹೇಳೂದ್ರಿ? ಎಲ್ಲಾರೂ ಬಾಯಿ ಬಾಯಿ ಬಡಕೋತ ನಿಂತಿದ್ವಿ. ಹುಸೇನವ್ವನಽ ಕಬ್ಬಿಣದ ಹಾರಿ ತಗೊಂಡು ತನ್ನ ಗ್ವಾಡಿಗೆ ಮೊದಲನೇ ಏಟು ಹಾಕಿದ್ಲು. ಏನ್ ನೋಡ್ತೀರಿ, ಕೆಡವ್ರೋ ಅಂದ್ಲು. ಬೆಂಕಿ ಆ ಬಯಲಿನ ತನಕ ಬಂತು, ದಾಟಲಿಲ್ಲ."

ಹುಸೇನವ್ವ ಗಂಡ ಸತ್ತ ಹೆಣ್ಣುಮಗಳು. ಗಂಡ ಕೈಯಾರೆ ಕಟ್ಟಿದ ಆ ಅಂಗಡಿಯೇ ಅವಳ ಅನ್ನ. ಅದಕ್ಕೆ ಬೆಂಕಿ ವಿಮೆ ಮಾಡಿಸಿದ್ದಳು.

ರಾಚಯ್ಯ ಕೆಟ್ಟವನಲ್ಲ, ಒಂದು ಬಿಡಿಗಾಸು ಲಂಚ ಮುಟ್ಟಿದವನಲ್ಲ. ಆದರೆ ನಿಯಮವೆಂದರೆ ನಿಯಮ. ಬಿದ್ದ ತಗಡುಗಳನ್ನು ತಿರುವಿ ತಿರುವಿ ನೋಡಿದ. ಎಲ್ಲಿಯೂ ಸುಟ್ಟ ಕಲೆಯಿಲ್ಲ.

"ಅವ್ವಾ, ಪಾಲಿಸಿ ಇರುವುದು ಬೆಂಕಿಗೆ, ಹಾರೆಗಲ್ಲ," ಎಂದ. "ಅಂಗಡಿ ಸುಟ್ಟಿದ್ದರೆ ಮರುಮಾತಿಲ್ಲದೆ ಕೊಡುತ್ತಿದ್ದೆವು."

"ಅಂದ್ರ ಸುಡಾಕ ಬಿಡಬೇಕಿತ್ತೇನ್ರಿ?" ಎಂದಳು ಹುಸೇನವ್ವ.

ರಾಚಯ್ಯ ಕಡತ ಬಿಚ್ಚಿದ. ಪರಿಹಾರ ಕೊಡಲಾಗದು ಎಂದೇ ಬರೆದು ಸಹಿ ಹಾಕಿದ.

ಓಣಿಯವರು ಬಿಡಲಿಲ್ಲ. ಹುಸೇನವ್ವನನ್ನು ಮುಂದೆ ಮಾಡಿಕೊಂಡು ಗ್ರಾಹಕರ ಕೋರ್ಟಿಗೆ ಹೋದರು. ವಿಚಾರಣೆಯ ದಿನ ಕೋರ್ಟಿನ ಪಡಸಾಲೆಯಲ್ಲಿ ದಾವಲಸಾಬ ಅವಳ ಕಿವಿಯಲ್ಲಿ ಪಿಸುಗುಟ್ಟುವುದು ರಾಚಯ್ಯನಿಗೂ ಕೇಳಿಸಿತು.

"ಯವ್ವಾ, ಬೆಂಕಿ ಹತ್ತಿದ ಮ್ಯಾಲ ಕೆಡವಿದೆ ಅಂದುಬಿಡು. ನಾವೆಲ್ಲಾ ಹೌದಂತೀವಿ. ಒಂದು ಮಾತಿನ್ಯಾಗ ಅಂಗಡಿ ವಾಪಸ್ ಬರತೈತಿ."

ಹೇಳದೆ ಇರುತ್ತಾಳೆಯೇ, ಹಸಿದವರಿಗೆ ಒಂದು ಸುಳ್ಳು ಯಾವ ದೊಡ್ಡ ಮಾತು ಎಂದುಕೊಂಡ ರಾಚಯ್ಯ.

ನ್ಯಾಯಾಧೀಶರು ತಲೆ ನರೆತ ಹೆಣ್ಣುಮಗಳು. ಕೇಳಿದರು: "ನೀವು ಹಾರೆ ಎತ್ತಿದಾಗ ನಿಮ್ಮ ಅಂಗಡಿಗೆ ಬೆಂಕಿ ತಗುಲಿತ್ತೇನಮ್ಮ?"

"ಇಲ್ರೀ ಅವ್ವಾರ. ತಗುಲಿದ ಮ್ಯಾಲ ಕೆಡವಿದ್ರ ಏನು ಬಂತ್ರಿ?"

ದಾವಲಸಾಬ ಹಣೆ ಚಚ್ಚಿಕೊಂಡ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ! ಗೆದ್ದೆನೆಂದು ಹಿಗ್ಗಬೇಕಾದ ರಾಚಯ್ಯ ಮಾತ್ರ ಹುಸೇನವ್ವನ ಮುಖವನ್ನೇ ನೋಡುತ್ತ ನಿಂತ. ಅಂಗಡಿ ಕೆಡವುವಾಗ ನಡುಗದವಳು ಅಂಗಡಿ ಕಳೆದುಕೊಳ್ಳುವಾಗಲೂ ನಡುಗಲಿಲ್ಲವಲ್ಲ, ಎಂಥ ಜೀವ ಇದು!

ನ್ಯಾಯಾಧೀಶರು ಅವನ ಕಡೆ ತಿರುಗಿದರು. "ಈಕೆಯ ಅಂಗಡಿಯ ಆಚೆಗಿರುವ ಅಂಗಡಿಗಳ ವಿಮೆ ಯಾರ ಕಡೆ ಇದೆ?"

"ನಮ್ಮ ಕಂಪನಿಯ ಕಡೆಯೇ, ಮೇಡಂ."

"ಅವುಗಳಲ್ಲಿ ಎಷ್ಟು ಸುಟ್ಟವು?"

"ಒಂದೂ ಇಲ್ಲ."

"ಯಾಕೆ ಸುಡಲಿಲ್ಲ?"

ಕಂಪನಿಯ ವಕೀಲರು ರಾಚಯ್ಯನ ತೋಳು ಜಗ್ಗಿದರು. ಅವನು ಹುಸೇನವ್ವನ ಕಡೆ ನೋಡಿದ. ಅವಳು ಸೆರಗಿಗೆ ಅಂಟಿದ್ದ ಅರಳೆಯ ಎಳೆ ಬಿಡಿಸುತ್ತಿದ್ದಳು. ಅವಳು ನಿಜ ಹೇಳಿದ ಜಾಗದಲ್ಲಿ ನಿಂತು ಸುಳ್ಳಾಡಲು ಅವನಿಗೆ ನಾಲಿಗೆ ಏಳಲಿಲ್ಲ.

"ಈ ಅವ್ವ ತಮ್ಮ ಅಂಗಡಿ ಕೆಡವಿದ್ದರಿಂದ, ಮೇಡಂ."

ನ್ಯಾಯಾಧೀಶರು ತೀರ್ಪು ಹೇಳಿದರು: "ಹಾರೆ ಹಿಡಿದದ್ದು ಈಕೆಯ ಕೈ, ಹಿಡಿಸಿದ್ದು ಬೆಂಕಿ. ಬೆಂಕಿಯನ್ನು ತಡೆಯಲು ಹೋದದ್ದೂ ಬೆಂಕಿಗೆ ಹೋದಂತೆಯೇ. ಈಕೆ ಕೈಕಟ್ಟಿ ಕೂತಿದ್ದರೆ ನಿಮ್ಮ ಕಂಪನಿ ಇಡೀ ಸಾಲಿಗೆ ಹಣ ಕೊಡಬೇಕಾಗುತ್ತಿತ್ತು. ಸುಮ್ಮನೆ ಕೂತವರಿಗೆ ಪರಿಹಾರ, ಎದ್ದು ನಿಂತವರಿಗೆ ದಂಡ ಎಂದರೆ ಅದು ನ್ಯಾಯವಲ್ಲ. ಪೂರ್ತಿ ನಷ್ಟ ಕಟ್ಟಿಕೊಡಿ."

ದಾವಲಸಾಬ ಸಣ್ಣ ಮಗುವಿನ ಹಾಗೆ ಅತ್ತುಬಿಟ್ಟ.

ಕೆಲವು ದಿನಗಳ ಮೇಲೆ ರಾಚಯ್ಯ ತಾನೇ ಚೆಕ್ ಹಿಡಿದು ಓಣಿಗೆ ಬಂದ. ಒಂದು ಕಡೆ ಸುಟ್ಟ ಗೋಡೆ ಇನ್ನೂ ಕರ್ರಗೆ ನಿಂತಿತ್ತು. ಇನ್ನೊಂದು ಕಡೆ ಅಂಗಡಿ ಅಂಗಡಿಯಲ್ಲೂ ಗಾದಿ ಹೊಲಿಯುವ ಗದ್ದಲ, ನಗು, ಜಗಳ. ಎರಡರ ನಡುವೆ ಓಣಿಯವರೆಲ್ಲ ಸೇರಿ ಹುಸೇನವ್ವನ ಅಂಗಡಿಗೆ ಹೊಸ ಕಂಬ ನೆಡುತ್ತಿದ್ದರು. ಅಂದು ಸುಟ್ಟ ಕಲೆ ಹುಡುಕಿದ ಜಾಗದಲ್ಲಿ ಇಂದು ಅವನ ಕಣ್ಣು ತುಂಬಿ ಬಂತು. ಹೊಸ್ತಿಲು ಇನ್ನೂ ಇಟ್ಟಿರಲಿಲ್ಲ. ಅದು ಬರಬೇಕಾದ ಕಡೆ ಅವನು ಚಪ್ಪಲಿ ಬಿಟ್ಟ.

"ಅಯ್ಯ, ಇದೇನು ಗುಡಿ ಏನೋ ತಮ್ಮಾ?" ಎಂದು ಹುಸೇನವ್ವ ಗದರಿದಳು. "ಮೊಳಿ ಬಿದ್ದಾವು, ಕಾಲಿಗೆ ಚುಚ್ಚತಾವು. ಚಪ್ಪಲಿ ಹಾಕ್ಕೊ."

"ಇರಲಿ ಬಿಡವ್ವಾ," ಎಂದು ರಾಚಯ್ಯ ಬರಿಗಾಲಲ್ಲೇ ಒಳಗೆ ಹೋದ.

ನೀತಿ: ಕೊಟ್ಟ ಮಾತನ್ನು ಅದರ ಅಕ್ಷರದಿಂದಲ್ಲ, ಅದು ಯಾತಕ್ಕೆ ಹುಟ್ಟಿತೋ ಅದರಿಂದ ಅಳೆಯಬೇಕು. ಹತ್ತು ಮಂದಿಯನ್ನು ಉಳಿಸಲು ತನ್ನದನ್ನು ಕಳೆದುಕೊಂಡವರ ನಷ್ಟವನ್ನು, ಉಳಿದವರೆಲ್ಲರೂ ತಮ್ಮದೆಂದು ಹೊರಬೇಕು.